ಗೂಡಿನೆದುರು ನಿಲ್ಲುವ ಮರ್ಯಾದೆ



ಹಕ್ಕಿಯ ಗೂಡನ್ನು ನೋಡುವುದಕ್ಕೂ ಒಂದು ಮರ್ಯಾದೆಯಿದೆ. ನಮ್ಮ ಬಜಗೋಳಿಯ ಗದ್ದೆಗಳ ಮೇಲೆ ಗಿಡುಗ ಸುತ್ತುವುದನ್ನು ನಾವು ಕಾಣುತ್ತೇವೆ. ಕೋಳಿಮರಿ ಕದಿಯುವ ಹಕ್ಕಿ ಎಂಬಷ್ಟೇ ಅದರ ಪರಿಚಯ. ಇಂತಹ ಹಕ್ಕಿಗಳ ಬಾಳು ಎಷ್ಟು ನಾಜೂಕಾದುದೆಂದು ಅರಿಯಬೇಕಾದರೆ, ಅದೇ ಬಳಗದ ರಣಹದ್ದುಗಳಿಗಾಗಿ ಮೀಸಲಿಟ್ಟ ರಾಮನಗರದ ರಾಮದೇವರ ಬೆಟ್ಟಕ್ಕೊಮ್ಮೆ ಹೋಗಬೇಕು.

ಬೆಂಗಳೂರು-ಮೈಸೂರು ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿರುವ ಈ ಬೆಟ್ಟದ ಸುಮಾರು 346 ಹೆಕ್ಟೇರು ಪ್ರದೇಶವನ್ನು ಸರಕಾರ 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿಸಿತು. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಕಡಿದಾದ ಬಂಡೆಯ ಚಾಚಿನಲ್ಲಿ. ವರ್ಷಕ್ಕೆ ಒಂದೇ ಮೊಟ್ಟೆ. ಗಂಡು, ಹೆಣ್ಣು ಸರದಿಯಂತೆ ಸುಮಾರು 50 ದಿನ ಕಾವು ಕೊಡುತ್ತವೆ. ಮರಿ ಹಾರಲು ಮತ್ತೆ ಮೂರು ತಿಂಗಳಿಗೂ ಹೆಚ್ಚು ಬೇಕು. ನಮ್ಮ ಗದ್ದಲಕ್ಕೆ ಹೆದರಿ ಅವು ಗೂಡು ತೊರೆದರೆ, ಆ ಜೋಡಿಯ ಒಂದು ವರ್ಷದ ಸಂತಾನವೇ ಹೋದಂತೆ.

ಅಬ್ದುಲ್ಲಾ ಬಿನ್ ಮಸ್‌ಊದ್(ರ)ರಿಂದ ವರದಿಯಾಗಿ ಅಬೂದಾವೂದ್‌ನಲ್ಲಿರುವ ಒಂದು ಘಟನೆಯನ್ನು ನೆನಪಿಸಿಕೊಳ್ಳಿ. ಪ್ರಯಾಣದಲ್ಲಿದ್ದಾಗ ಕೆಲವರು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಅಲ್ಲೇ ಸುತ್ತಿತು. ಅದನ್ನು ಕಂಡ ಪ್ರವಾದಿ(ಸ)ರು, ಈ ತಾಯಿಯನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಮರಿಗಳನ್ನು ಮರಳಿಸುವಂತೆ ಆಜ್ಞಾಪಿಸಿದರು. ಮರಿಗಳನ್ನು ಯಾರೂ ಕೊಂದಿರಲಿಲ್ಲ. ತಾಯಿಯ ಕಳವಳವೇ ಸಾಕಾಯಿತು.

ಗೂಡಿನ ಬಳಿ ಹೋಗದವನ ಕೈಯೂ ಗೂಡನ್ನು ಬರಿದು ಮಾಡಬಲ್ಲದು. ಜಾನುವಾರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತಿತ್ತು. 1990ರ ದಶಕದ ಆರಂಭದಿಂದ 2007ರೊಳಗೆ ದೇಶದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ನೂರಕ್ಕೆ ಸುಮಾರು 97ರಷ್ಟು ಇಲ್ಲವಾದವು. ಕಾರಣ ಗೊತ್ತಾದದ್ದು 2004ರಲ್ಲಿ. ಜಾನುವಾರುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಆ ಬಳಿಕವೂ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳನ್ನು ಹಟ್ಟಿಗೆ ಒಯ್ಯುವುದು ನಿಲ್ಲದ್ದರಿಂದ, 2015ರಲ್ಲಿ ಅವನ್ನೂ ತಡೆಯಬೇಕಾಯಿತು.

ಹಟ್ಟಿಯಲ್ಲಿ ನಿಂತವನಿಗೆ ಬೆಟ್ಟದ ಗೂಡು ಕಾಣಿಸುವುದಿಲ್ಲ. ಆದರೆ ಅಲ್ಲಾಹನಿಗೆ ಎರಡೂ ಕಾಣಿಸುತ್ತವೆ. ಆದುದರಿಂದ ದನಕ್ಕೆ ನೋವಾದಾಗ ಪಶುವೈದ್ಯರನ್ನು ಕರೆಯಿರಿ. ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್‌ನಂತಹ ಔಷಧಿಯನ್ನೇ ಕೇಳಿರಿ. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ದರೆ ದೂರದಲ್ಲಿ ನಿಂತು, ಮೆಲುದನಿಯಲ್ಲಿ ಮಾತಾಡಿ, ದುರ್ಬೀನಿನಿಂದ ತೋರಿಸಿರಿ. ಬಂಡೆ ಹತ್ತಲು, ಕಲ್ಲೆಸೆಯಲು ಬಿಡಬೇಡಿ. ಬಾಯಿಲ್ಲದ ಜೀವಿಗಳ ಹಕ್ಕನ್ನು ಕಾಯುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.