ಕೋಟಿಯ ಲೆಕ್ಕ ಬಿಡು, ಕೊಠಡಿಯ ಲೆಕ್ಕ ಕೇಳು

ಮಗಳೇ, ನಿಮ್ಮ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಗೆ (ಎಸ್‌ಎಂಸಿ) ಪೋಷಕರು ನಿನ್ನನ್ನು ಆರಿಸಿದ್ದಾರೆಂದು ಕೇಳಿ ತುಂಬ ಸಂತೋಷವಾಯಿತು. ನಮ್ಮೂರ ಕಡೆ ಎಸ್‌ಡಿಎಂಸಿ ಅನ್ನುತ್ತಾರಲ್ಲ, ಅದೇ ಇದು. ಆದರೆ ಮೊನ್ನೆ ಇಲ್ಲಿ ದೆಹಲಿಯ ಕರ್ನಾಟಕ ಸಂಘದಲ್ಲಿ ಸರ್ಕಾರಿ ಶಾಲೆಗಳ ಖರ್ಚಿನ ಮಾತು ಎದ್ದಾಗ ನೀವೆಲ್ಲ ಎರಡು ಪಾಳಯವಾಗಿ ಕೂಗಾಡಿದ್ದು ನನಗೆ ಸರಿಬರಲಿಲ್ಲ. ಒಬ್ಬರು ಸಾವಿರಾರು ಕೋಟಿ ನುಂಗಿದರು ಅಂದರು, ಇನ್ನೊಬ್ಬರು ಎಲ್ಲ ರಾಜಕೀಯ ಅಂದರು. ಯಾರ ಕೈಯಲ್ಲೂ ಒಂದು ಕಾಗದವಿರಲಿಲ್ಲ.

ಕಾಗದದಲ್ಲಿ ಇರುವುದು ಇಷ್ಟು. ದೆಹಲಿಯ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಮೊಕದ್ದಮೆ ಹೂಡಿದ್ದು 2025ರ ಏಪ್ರಿಲ್ 30ರಂದು, ಆಮ್ ಆದ್ಮಿ ಪಕ್ಷದ ಸರ್ಕಾರದಲ್ಲಿ ಸಚಿವರಾಗಿದ್ದ ಮನೀಷ್ ಸಿಸೋದಿಯಾ ಮತ್ತು ಸತ್ಯೇಂದ್ರ ಜೈನ್ ಮೇಲೆ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 12,748 ಕೊಠಡಿಗಳ ನಿರ್ಮಾಣದಲ್ಲಿ ಸುಮಾರು 2,000 ಕೋಟಿ ರೂಪಾಯಿ ಅಕ್ರಮ ನಡೆದಿದೆ ಎಂಬುದು ಆರೋಪ. ಮೂವತ್ತು ವರ್ಷ ಬಾಳುವ ಅರೆ ಶಾಶ್ವತ ಕಟ್ಟಡಕ್ಕೆ ಎಪ್ಪತ್ತೈದು ವರ್ಷ ಬಾಳುವ ಕಾಂಕ್ರೀಟ್ ಕಟ್ಟಡದಷ್ಟೇ ಹಣ ಸುರಿದರು ಎನ್ನುತ್ತದೆ ಎಸಿಬಿ. ಆಮ್ ಆದ್ಮಿ ಪಕ್ಷ ಅದನ್ನು ಅಲ್ಲಗಳೆದಿದೆ. ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ನೀನೂ ನಾನೂ ಸಂಘದ ಅಂಗಳದಲ್ಲಿ ತೀರ್ಪು ಕೊಡಲಾಗದು.

ಇದೇ ಕೊಠಡಿಗಳ ಬಗ್ಗೆ ಕೇಂದ್ರ ಜಾಗೃತ ಆಯೋಗದ 2020ರ ವರದಿಯಲ್ಲಿ ಶೌಚಾಲಯಗಳ ಮಾತಿದೆ. ಬೇಕಿದ್ದುದು 160, ಕಟ್ಟಿದ್ದು 1,214, ಅವನ್ನೂ ಕೊಠಡಿಗಳ ಲೆಕ್ಕಕ್ಕೆ ಸೇರಿಸಿದರು ಎಂದು. ಇದನ್ನು ಹೇಳಿ ನಕ್ಕವರನ್ನು ನೋಡಿದ್ದೇನೆ. ನನಗೆ ನಗು ಬರುವುದಿಲ್ಲ. ಯಮುನೆಯಾಚೆಯ ಎಷ್ಟೋ ಶಾಲೆಗಳು ಬೆಳಿಗ್ಗೆ ಹುಡುಗಿಯರಿಗೆ, ಮಧ್ಯಾಹ್ನ ಹುಡುಗರಿಗೆ ಎಂದು ಎರಡು ಪಾಳಿಯಲ್ಲಿ ನಡೆಯುತ್ತವೆ. ಅಲ್ಲಿನ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದರೆ ಅದು ದಂಡವಲ್ಲ. ಶೌಚಾಲಯವನ್ನು ಕೊಠಡಿ ಎಂದು ಬರೆದಿದ್ದರೆ ಅದು ಸುಳ್ಳು. ಈ ಎರಡನ್ನೂ ಬೇರೆ ಬೇರೆ ಹಿಡಿದು ನೋಡುವುದನ್ನು ಕಲಿ. ಇಲ್ಲದಿದ್ದರೆ ಹಣ ಪೋಲಾಯಿತು ಎಂಬ ಸಿಟ್ಟು ನಿಧಾನವಾಗಿ ಸರ್ಕಾರಿ ಶಾಲೆಗೆ ಹಣ ಹಾಕುವುದೇ ಪೋಲು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಈ ದೆಹಲಿ ತನ್ನ ಬಜೆಟ್ಟಿನ ಸುಮಾರು ಕಾಲು ಭಾಗವನ್ನು ಶಿಕ್ಷಣಕ್ಕೆ ಎತ್ತಿಟ್ಟ ಊರು. ಆ ಪಾಲು ಕರಗಿದರೆ ನಷ್ಟವಾಗುವುದು ಖಾಸಗಿ ಶಾಲೆಯ ಫೀಸು ಕಟ್ಟಲಾಗದ ಮನೆಗಳಿಗೆ.

ಲೆಕ್ಕ ಕೇಳುವುದು ಹೇಗೆಂದು ತೋರಿಸಿಕೊಟ್ಟವರು ಇದೇ ಊರಿನವರು, ಅದೂ ಕೊಳೆಗೇರಿಯ ಜನ. ಸುಂದರ್ ನಗ್ರಿಯಲ್ಲಿ 2002ರ ಡಿಸೆಂಬರಿನಲ್ಲಿ ‘ಪರಿವರ್ತನ್’ ಸಂಘಟನೆ ಒಂದು ಜನಸುನವಾಯಿ, ಅಂದರೆ ಜನರ ಮುಂದೆಯೇ ಲೆಕ್ಕ ವಿಚಾರಿಸುವ ಸಭೆ ನಡೆಸಿತು. ಪಾಲಿಕೆಯ 68 ಕಾಮಗಾರಿಗಳ ಕಾಗದಗಳನ್ನು ಆಗಿನ ದೆಹಲಿ ಮಾಹಿತಿ ಹಕ್ಕು ಕಾಯ್ದೆಯಡಿ ತರಿಸಿಕೊಂಡು, ಬೀದಿಬೀದಿಗೆ ಹೋಗಿ ತಾಳೆ ನೋಡಿ, ಆಮೇಲೆ ಜನರ ಮುಂದೆ ಓದಿದರು. ಸುಮಾರು 1.3 ಕೋಟಿ ರೂಪಾಯಿ ಕೆಲಸದಲ್ಲಿ 70 ಲಕ್ಷದಷ್ಟಕ್ಕೆ ಕೆಲಸವೇ ಕಾಣಲಿಲ್ಲ. ಕಾಗದದಲ್ಲಿದ್ದ ಕೆಲಸ ತಮ್ಮ ಬೀದಿಯಲ್ಲಿ ಇದೆಯೋ ಇಲ್ಲವೋ ಹೇಳಲು ಅಲ್ಲಿನ ಹೆಂಗಸರಿಗೆ ಯಾವ ತಜ್ಞರೂ ಬೇಕಾಗಲಿಲ್ಲ. ಆ ಪರಿವರ್ತನ್ ಕಟ್ಟಿದ ಅರವಿಂದ್ ಕೇಜ್ರಿವಾಲ್ ಮುಂದೆ ಮುಖ್ಯಮಂತ್ರಿಯಾದರು. ಇವತ್ತು ಅವರ ಸರ್ಕಾರ ಕಟ್ಟಿದ ಕೊಠಡಿಗಳಿಗೂ ಅದೇ ಪ್ರಶ್ನೆ ಬಂದಿದೆ. ಬರಲೇಬೇಕು. ನಾಳೆ ಈಗಿನ ಸರ್ಕಾರಕ್ಕೂ ಬರಬೇಕು.

ನಿನಗಂತೂ ಸುಂದರ್ ನಗ್ರಿಯವರಿಗಿಂತ ಹೆಚ್ಚಿನ ಅಧಿಕಾರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು ಸಮಿತಿಗೆ ಕಾನೂನೇ ವಹಿಸಿದ ಕೆಲಸ. ಹಾಗಿದ್ದೂ ಎಷ್ಟೋ ಕಡೆ ರಿಜಿಸ್ಟರ್ ಮುಂದೆ ಸರಿಸುತ್ತಾರೆ, ಚಹಾ ಬರುತ್ತದೆ, ಅಮ್ಮಂದಿರು ಸಹಿ ಹಾಕಿ ಎದ್ದು ಬರುತ್ತಾರೆ. ನೀನು ಹಾಗೆ ಮಾಡಬೇಡ. ಓದದೆ ಸಹಿ ಹಾಕಿದ ಮೇಲೆ ಯಾರನ್ನೂ ಕಳ್ಳರು ಎಂದು ಕರೆಯುವ ಹಕ್ಕು ನಮಗೆ ಉಳಿಯುವುದಿಲ್ಲ.

ಪ್ರಿನ್ಸಿಪಾಲರನ್ನು ಮೊದಲೇ ಆರೋಪಿಯ ಜಾಗದಲ್ಲಿ ನಿಲ್ಲಿಸಬೇಡ. ಕಟ್ಟಡ ಕಟ್ಟುವುದು ಲೋಕೋಪಯೋಗಿ ಇಲಾಖೆ, ಬಿಲ್ಲು ಬರೆಯುವುದು ಅವರ ಎಂಜಿನಿಯರು. ಸೋರುವ ಚಾವಣಿಯ ಕೆಳಗೆ ಕೂತು ನಿನ್ನ ಮಗುವಿಗೆ ಪಾಠ ಹೇಳುವವರು ಮೇಷ್ಟ್ರು. ಮೆಲ್ಲಗೆ ಕೇಳು, ಆದರೆ ಬಿಡದೆ ಕೇಳು. ಎಷ್ಟು ಕೊಠಡಿ ಮಂಜೂರಾಯಿತು, ಎಷ್ಟು ಕಟ್ಟಿದರು, ಅದರಲ್ಲಿ ಇವತ್ತು ಎಷ್ಟರಲ್ಲಿ ಪಾಠ ನಡೆಯುತ್ತಿದೆ? ಅಲ್ಲಿ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಇಲಾಖೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅಂದಾಜು ಪಟ್ಟಿ, ಅಳತೆ ಪುಸ್ತಕ, ಅಂತಿಮ ಬಿಲ್ಲು, ಮೂರರ ಪ್ರತಿಯನ್ನೂ ಕೇಳು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಮಗಾರಿಯನ್ನು ನೀನೇ ಹೋಗಿ ಪರಿಶೀಲಿಸುವ ಹಕ್ಕಿದೆ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕೂ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಲೆಕ್ಕ ಸರಿಯಿದ್ದರೆ ಸರಿಯಿದೆ ಎಂದು ಅಷ್ಟೇ ಗಟ್ಟಿಯಾಗಿ ಎಲ್ಲರ ಮುಂದೆ ಹೇಳು. ಅದನ್ನು ಹೇಳಲು ಹಿಂಜರಿಯುವವರ ದೂರನ್ನು ಮುಂದೆ ಯಾರೂ ನಂಬುವುದಿಲ್ಲ.

ಹಿಂದಿಯಲ್ಲಿ ಅರ್ಜಿ ಬರೆಯಲು ಕಷ್ಟವಾದರೆ ಭಾನುವಾರ ಮನೆಗೆ ಬಾ. ಸಮಿತಿಯ ಇನ್ನಿಬ್ಬರು ಅಮ್ಮಂದಿರನ್ನೂ ಕರೆದುಕೊಂಡು ಬಾ, ಕೂತು ಬರೆಯೋಣ.