ಹಲ್ಲಿನ ಸೆಟ್‌ಗೆ ಅಂಟಿದ ಲೋಳೆ

ಮನೆಯ ಹಿರಿಯರ ಹಲ್ಲಿನ ಸೆಟ್ ಅನ್ನು ಬೆರಳಿನಿಂದ ಸವರಿ ನೋಡಿ. ಲೋಳೆಲೋಳೆಯಾಗಿದ್ದರೆ ಅದು ಬರೀ ಜೊಲ್ಲಲ್ಲ. ಕ್ಯಾಂಡಿಡಾ ಎಂಬ ಯೀಸ್ಟ್, ಬ್ಯಾಕ್ಟೀರಿಯಾಗಳ ಜೊತೆ ಸೇರಿ ಕಟ್ಟಿಕೊಂಡ ಪದರವಿರಬಹುದು. ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಸೆಟ್‌ನ ಅಡಿಯಲ್ಲಿ ಅಂಗುಳು ಕೆಂಪಾಗಲು ಇದು ಮುಖ್ಯ ಕಾರಣ. ಎಷ್ಟೋ ಸಲ ನೋವೇ ಇರುವುದಿಲ್ಲ.

ಮಾತ್ರೆ ನುಂಗಿದರೂ ಇದು ಮರುಕಳಿಸುವುದೇಕೆ? ಪ್ರಯೋಗಾಲಯದ ಒಂದು ಪರೀಕ್ಷೆ ಇದನ್ನು ಚೆನ್ನಾಗಿ ತೋರಿಸುತ್ತದೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಯೀಸ್ಟನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಬೆಳೆಸುತ್ತಾರೆ. ತೇಲುವ ಕೋಶಗಳನ್ನು ತೊಳೆದು ತೆಗೆದು, ತಳಕ್ಕೆ ಅಂಟಿದವುಗಳ ಮೇಲೆ ಔಷಧವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತಾರೆ. ಕೊನೆಗೆ ಹಾಕುವುದು ಎಕ್ಸ್‌ಟಿಟಿ ಎಂಬ ವಸ್ತು. ಜೀವಂತ ಕೋಶವಿದ್ದಲ್ಲಿ ಅದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾಗಿ ಬಂತೆಂದರೆ ಔಷಧ ಸೋತಿತು. ತೇಲುವ ಯೀಸ್ಟನ್ನು ಸುಲಭವಾಗಿ ತಡೆಯುವ ಫ್ಲುಕೊನಜೋಲ್, ಪದರದ ಮುಂದೆ ನೂರಾರು ಪಟ್ಟು ಹೆಚ್ಚಿಸಿದರೂ ಸಾಲದು. ಕ್ಯಾಸ್ಪೊಫಂಗಿನ್ ಪರಿಣಾಮ ಬೀರುತ್ತದೆ ನಿಜ, ಆದರೆ ಅದು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ಔಷಧ.

ಆದ್ದರಿಂದ ಅಂಗಡಿಯಿಂದ ನೀವೇ ಮಾತ್ರೆ ತರಬೇಡಿ. ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದರಷ್ಟೇ ಈ ಪದರ ಹೋಗದು, ಉಜ್ಜಲೇಬೇಕು. ರಾತ್ರಿ ಸೆಟ್ ತೆಗೆದು, ಮೃದು ಬ್ರಷ್‌ನಿಂದ ಸಾಬೂನು ನೀರಿನಲ್ಲಿ ಉಜ್ಜಿ ತೊಳೆದು ತಣ್ಣೀರಿನಲ್ಲಿಡಿ. ಕುದಿಯುವ ನೀರು ಬೇಡ, ಸೆಟ್ ಸೊಟ್ಟಗಾದೀತು. ಟೂತ್‌ಪೇಸ್ಟ್ ಕೂಡ ಬೇಡ. ಅದು ಗೀರು ಮಾಡುತ್ತದೆ, ಗೀರಿನೊಳಗೆ ಯೀಸ್ಟ್ ಸೇರಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರ ಅಂಗುಳನ್ನು ಆಗಾಗ ಟಾರ್ಚ್ ಹಿಡಿದು ನೋಡಿ. ಕೆಂಪಾಗಿದ್ದರೆ ದಂತವೈದ್ಯರಲ್ಲಿಗೆ ಹೋಗಿ, ಸೆಟ್ಟನ್ನೂ ತೋರಿಸಿ.