ಹಳೆ ಅರದ ಉಳಿ ಮುರಿದದ್ದೇಕೆ?

ಹಳೆ ಅರದಿಂದ ಉಳಿ ಮಾಡಿದ್ದು ತಪ್ಪಲ್ಲ. ಕಾಸಿ, ಎಣ್ಣೆಗೆ ಅದ್ದಿ, ಅಲ್ಲಿಗೇ ನಿಲ್ಲಿಸಿದ್ದೀರಿ. ಹಾಗೆ ಹೊರಬಂದ ಉಕ್ಕು ತೀರಾ ಪೆಡಸು. ಸುತ್ತಿಗೆ ಪೆಟ್ಟಿಗೆ ತುದಿ ಹಾರಲೇಬೇಕು. ನೀವು ಬಿಟ್ಟಿದ್ದು ಹದ ಇಳಿಸುವ ಕೆಲಸ.

ಇನ್ನೊಂದು ಅರ ತೆಗೆದುಕೊಳ್ಳಿ. (ತೀರಾ ಅಗ್ಗದ್ದು ಬೇಡ, ಕೆಲವದರಲ್ಲಿ ಮೇಲ್ಪದರ ಮಾತ್ರ ಗಟ್ಟಿ.) ಕೆಂಪಗೆ ಕಾಸಿ ಒಣ ಬೂದಿಯಲ್ಲಿ ರಾತ್ರಿಯಿಡೀ ಹೂತಿಡಿ, ಮೆತ್ತಗಾಗುತ್ತದೆ. ಹಲ್ಲುಗಳನ್ನು ಪೂರ್ತಿ ಉಜ್ಜಿ ತೆಗೆಯಿರಿ. ಬಿರುಕು ಶುರುವಾಗುವುದೇ ಆ ಗೀರುಗಳಿಂದ. ಆಕಾರ ಬಂದ ಮೇಲೆ ಬಾಯಿಯ ಕಡೆಯ ಒಂದೂವರೆ ಅಂಗುಲ ಮಾತ್ರ ಕಾಸಿ. ಬಣ್ಣವನ್ನಷ್ಟೇ ನಂಬಬೇಡಿ, ಬಿಸಿಲಲ್ಲಿ ಕಣ್ಣು ಮೋಸಹೋಗುತ್ತದೆ. ಅಯಸ್ಕಾಂತ ಹಿಡಿಯದಿದ್ದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದರ್ಥ. ಇನ್ನು ಸ್ವಲ್ಪವೇ ಕಾಸಿ ಎಣ್ಣೆಗೆ ಅದ್ದಿ. ಆಮೇಲೆ ಬಾಯಿಯನ್ನು ಹೊಳೆಯುವಂತೆ ಉಜ್ಜಿ, ಹಿಂದಿನಿಂದ ನಿಧಾನವಾಗಿ ಶಾಖ ಕೊಡಿ. ಮೊದಲು ಒಣಹುಲ್ಲಿನ ಹಳದಿ, ನಂತರ ಕಂದು, ನೇರಳೆ ಸರಿದು ಬರುತ್ತವೆ. ನೇರಳೆ ಅಂಚು ಮುಟ್ಟಿದೊಡನೆ, ಅಂದರೆ 280ರ ಆಸುಪಾಸಿನಲ್ಲಿ, ನೀರಿಗೆ ಹಾಕಿ. ಗೀರು ಹಾಕುವ ಮೊಳೆಗಾದರೆ ಹಳದಿಯೇ ಸಾಕು.

ತಲೆಗೆ ಹದ ಬೇಡ, ಮೆತ್ತಗಿರಲಿ. ಪೆಟ್ಟು ತಿಂದು ಅಣಬೆಯಂತೆ ಅರಳಿದ ಅಂಚನ್ನು ಆಗಾಗ ಉಜ್ಜಿಬಿಡಿ. ಕಣ್ಣಿಗೆ ಹಾರುವುದು ಆ ಚೂರೇ. ರಕ್ಷಣಾ ಕನ್ನಡಕವನ್ನು ಮುಂದಿನ ಉಳಿಗಿಂತ ಮೊದಲು ಕೊಳ್ಳಿ.